ಸುಭದ್ರಮ್ಮ ಟೆಕ್ಸಾಸನ್ನು ಕೂರಿಸಿದ್ದು

ಸುಭದ್ರಮ್ಮನವರ ಹಠದ ಬಗ್ಗೆ ಆಸ್ಟ್ರೇಲಿಯಾದ ಪರ್ತ್ ಕನ್ನಡಿಗರಲ್ಲಿ ಎರಡು ಮಾತಿಲ್ಲ. ಅವರು ಅಲ್ಲಿನ ಬಡಾವಣೆ ಕ್ಯಾನಿಂಗ್ ವೇಲ್‌ಗೆ ಬಂದ ಹೊಸದರಲ್ಲಿ ಹಿತ್ತಲಲ್ಲಿ ಕರಿಬೇವು ಏಳಲೊಲ್ಲದು. ಅಲ್ಲಿ ಮಣ್ಣೆಲ್ಲಿದೆ, ಬರೀ ಮರಳು. ಸುಭದ್ರಮ್ಮ ಗಿಡದ ಎದುರಿಗೆ ಕುರ್ಚಿ ಹಾಕಿಕೊಂಡು ಅದನ್ನೇ ದಿಟ್ಟಿಸುತ್ತ ಕೂತರು. ಗಿಡಕ್ಕೇ ನಾಚಿಕೆಯಾಗಿ ಬೆಳೆಯಿತು. ಈಗ ಅದು ಎಷ್ಟೆತ್ತರ ಅಂದರೆ, ಏರ್‌ಪೋರ್ಟಿಗೆ ಇಳಿಯುವ ವಿಮಾನದವರು ಕಿಟಕಿಯಿಂದ ಕೈ ಚಾಚಿ ಒಗ್ಗರಣೆಗೆ ಒಂದು ಕಡ್ಡಿ ಕಿತ್ತುಕೊಳ್ಳುತ್ತಾರೆ. ನಂಬದವರು ಎಡಗಡೆ ಸೀಟು ಕೇಳಿ ಪಡೆಯಬೇಕು.

ಸುಭದ್ರಮ್ಮ ಹುಟ್ಟಿದ್ದು ಮೈಸೂರಿನ ಚಾಮುಂಡಿಪುರಂನಲ್ಲಿ. ಗಂಡ ಬಾಲಕೃಷ್ಣ ಗಣಿ ಕಂಪನಿಯಲ್ಲಿ ಎಂಜಿನಿಯರಾಗಿದ್ದು ಈಗ ನಿವೃತ್ತರು. ಸುಭದ್ರಮ್ಮ ಇನ್ನೂ ಒಂದು ಚೈಲ್ಡ್‌ಕೇರ್‌ನ ಅಡುಗೆಮನೆ ನೋಡಿಕೊಳ್ಳುತ್ತಾರೆ. ಅಲ್ಲಿನ ಗ್ರೀಕ್ ಮಕ್ಕಳು, ಚೀನೀ ಮಕ್ಕಳು, ಸೊಮಾಲಿ ಮಕ್ಕಳು ಎಲ್ಲ ಬಿಸಿಬೇಳೆಬಾತ್ ಇಲ್ಲದ ದಿನ ಒಂದೇ ರಾಗದಲ್ಲಿ ಅಳುವುದನ್ನು ಕಲಿತಿವೆ.

ಅವರ ಆಸ್ತಿ ಏನು ಅಂದರೆ ಮನೆಯೂ ಅಲ್ಲ, ಕಾರೂ ಅಲ್ಲ. ಮದುವೆಯಲ್ಲಿ ಅತ್ತೆ ತುಂಗಮ್ಮ ಕೊಟ್ಟ ಒಂದು ಜೊತೆ ಪಟ್ಟದ ಗೊಂಬೆ. ರಕ್ತಚಂದನದ ರಾಜ, ರಾಣಿ. ತುಂಗಮ್ಮನವರು ಈಗಿಲ್ಲ, ಅವರ ಕಾನೂನು ಇದೆ. ನವರಾತ್ರಿಯಲ್ಲಿ ರಾಜ ರಾಣಿ ಒಂದು ವರ್ಷವೂ ತಪ್ಪದೆ ಮೆಟ್ಟಿಲೇರಿ ಕೂರಬೇಕು. ಒಂಟಿಯಾಗಿ ಕೂರಿಸುವ ಹಾಗಿಲ್ಲ, ಕೆಳಗೆ ಹೊಲ, ಪೇಟೆ, ಜನ ಎಲ್ಲ ಇರಬೇಕು. ಆ ಜನ ಯಾರ ಮನೆಯಿಂದಲೋ ಎರವಲು ತಂದವರಾಗಿರಬಾರದು. ಯಾವ ಗೊಂಬೆಯತ್ತ ಬೆರಳು ತೋರಿಸಿದರೂ ಕೂರಿಸಿದವಳು ಅದರ ಕತೆ ಹೇಳಬೇಕು. ಇದರಲ್ಲಿ ಒಂದು ತಪ್ಪಿದರೂ ರಾಜ ರಾಣಿ ಸೊಸೆಯ ಮನೆ ಬಿಟ್ಟು ತುಂಗಮ್ಮನವರ ಮಗಳು ಗೌರಿಯ ಮನೆಗೆ ಹೋಗುತ್ತಾರೆ. ಮಗಳ ಮನೆ ಇರುವುದು ಬ್ರಿಸ್ಬೇನಿನ ಸನ್ನಿಬ್ಯಾಂಕ್‌ನಲ್ಲಿ. ಗೌರಿ ಮೂವತ್ತು ವರ್ಷದಿಂದ ಪ್ರತಿ ನವರಾತ್ರಿಗೂ ಫೋನು ಮಾಡಿ, "ಅತ್ತಿಗೆ, ಎಲ್ಲಾ ಸರಿಯಾಗಿ ಆಯ್ತಾ?" ಅಂತ ಕೇಳುತ್ತಾಳೆ. ಪರೀಕ್ಷೆ ಬರೆಯುವವನ ಹಿಂದೆ ನಿಂತ ಮೇಷ್ಟ್ರು ಕೇಳುವ ಹಾಗೆ.

ಈ ಸಲ ಹಬ್ಬಕ್ಕೆ ಎರಡು ವಾರವೂ ಇಲ್ಲ ಅನ್ನುವಾಗ ಗರಾಜಿನಲ್ಲಿ ದೊಡ್ಡ ಸದ್ದಾಯಿತು. ಗೊಂಬೆಗಳ ಕಪಾಟಿನ ಕಾಲಿಗೆ ಗೆದ್ದಲು ಹತ್ತಿತ್ತು. ಗೆದ್ದಲು ಕಪಾಟನ್ನು ತಿಂದಿತು, ಕಪಾಟು ಗೊಂಬೆಗಳನ್ನು ತಿಂದಿತು. ಮಣ್ಣಿನ ದಶಾವತಾರ ಹೋಗಿ ಪುಡಿಯವತಾರ ಆಯಿತು. ಮದುವೆ ದಿಬ್ಬಣದಲ್ಲಿ ಓಲಗದವನ ಕೆನ್ನೆ ಒಂದೇ ಉಳಿದಿತ್ತು, ಪಾಪ, ಇನ್ನೂ ಊದಿಕೊಂಡೇ ಇತ್ತು. ಶೆಟ್ಟರು, ಶೆಟ್ಟಮ್ಮ, ಅವರ ಅಂಗಡಿ, ಎಲ್ಲ ಗುಡಿಸಿದರೆ ಎರಡು ಮೊರ. ದೇವರ ಗೂಡಿನಲ್ಲಿ ರೇಷ್ಮೆ ಸುತ್ತಿಟ್ಟಿದ್ದ ರಾಜ ರಾಣಿ ಮಾತ್ರ ಉಳಿದರು.

ಮೈಸೂರಿನ ಅಂಗಡಿಗೆ ಫೋನಾಯಿತು. ಪಾರ್ಸೆಲ್ ದೀಪಾವಳಿಗೆ ಮುಟ್ಟಬಹುದು ಅಂದರು. ಅಷ್ಟರಲ್ಲಿ ಬಾಲಕೃಷ್ಣ ಬಾಯಿ ತಡೆಯದೆ ತಂಗಿಗೆ ಹೇಳಿಬಿಟ್ಟಿದ್ದರು.

"ಅಯ್ಯೋ ಅತ್ತಿಗೆ, ಕೇಳಿ ಹೊಟ್ಟೆ ಉರೀತು," ಅಂದಳು ಗೌರಿ. ಹೊಟ್ಟೆ ಉರಿದವರ ದನಿ ಅಷ್ಟು ತಂಪಾಗಿರುವುದನ್ನು ಸುಭದ್ರಮ್ಮ ಹಿಂದೆ ಕೇಳಿರಲಿಲ್ಲ. "ಈ ವರ್ಷ ರೆಸ್ಟ್ ತಗೊಳ್ಳಿ. ಸರಸ್ವತಿ ಪೂಜೆ ಹೊತ್ತಿಗೆ ನಾನೇ ಬಂದ್ಬಿಡ್ತೀನಿ, ರಾಜ ರಾಣೀನ ಜೋಪಾನವಾಗಿ ಕರ್ಕೊಂಡು ಹೋಗ್ತೀನಿ."

"ಬಾಮ್ಮ, ಖಂಡಿತ ಬಾ," ಅಂದರು ಸುಭದ್ರಮ್ಮ. "ಆರತಿಗೆ ಬಾ. ಕೂರ್ಸಿರ್ತೀನಿ."

"ಯಾರ ಮೇಲೆ ಕೂರಿಸ್ತೀರಿ ಅತ್ತಿಗೆ? ಅಣ್ಣನ ತಲೆ ಮೇಲಾ?"

ಫೋನಿಟ್ಟ ಮೇಲೆ ಬಾಲಕೃಷ್ಣ ತಮ್ಮ ಬೋಳುತಲೆ ಸವರಿಕೊಂಡರು. ಹೆಂಡತಿ ಅದನ್ನೇ ನೋಡುತ್ತಿದ್ದರು, ಅಗಲ ಸಾಲುತ್ತದೋ ಇಲ್ಲವೋ ಅನ್ನುವ ಹಾಗೆ.

ಇಲ್ಲಿ ಪಕ್ಕದ ಮನೆಯ ವೆಂಡೆಲ್ ಬರಬೇಕು. ಅವರು ಅಮೆರಿಕದ ಟೆಕ್ಸಾಸಿನವರು. ಹ್ಯೂಸ್ಟನ್ನಿನ ಒಂದು ಗ್ಯಾಸ್ ಕಂಪನಿ ಸಮುದ್ರದಲ್ಲಿ ತೂತು ಕೊರೆಯಲು ಅವರನ್ನು ಪರ್ತ್‌ಗೆ ಕಳಿಸಿತ್ತು. ತೂತು ಮುಗಿಯಿತು, ವೆಂಡೆಲ್ ಉಳಿದರು. ಅವರ ಹಿತ್ತಲಲ್ಲಿ ರೈಲ್ವೆ ಎಂಜಿನ್ನಿನಂಥ ಒಂದು ಕಬ್ಬಿಣದ ಹೊಗೆ ಒಲೆ. ಶನಿವಾರ ಬೆಳಗ್ಗೆ ಅದರಲ್ಲಿ ದನದ ಎದೆಮಾಂಸ ಇಟ್ಟರೆ ಹೊಗೆ ಭಾನುವಾರ ಸಂಜೆವರೆಗೂ ಬೇಲಿ ಹಾರಿ ಸುಭದ್ರಮ್ಮನ ಒಣಗಿಹಾಕಿದ ಮಡಿಬಟ್ಟೆಯ ಮೇಲೆ ಕೂರುತ್ತಿತ್ತು. ಕರಿಬೇವಿನ ಎಲೆ ತಮ್ಮ ಛಾವಣಿಯ ಮಳೆನೀರಿನ ದೋಣಿಗೆ ಬಿದ್ದು ಕಟ್ಟಿಕೊಳ್ಳುತ್ತದೆ ಅಂತ ಅವರ ದೂರು. ಈ ಎರಡು ದೇಶಗಳ ನಡುವೆ ಮಾತು ಕಡಿದು ಹನ್ನೊಂದು ವರ್ಷವಾಗಿತ್ತು.

ವೆಂಡೆಲ್ಲಿಗೆ ವಯಸ್ಸಾಯಿತು. ಮಗಳು ಅಡಿಲೇಡಿನ ಗ್ಲೆನೆಲ್ಗ್‌ನಲ್ಲಿದ್ದಾಳೆ, ಅಪ್ಪನನ್ನು ಕರೆಸಿಕೊಳ್ಳುತ್ತಿದ್ದಾಳೆ. ಮೂರನೇ ಮಹಡಿಯ ಅಪಾರ್ಟ್‌ಮೆಂಟು, ಕೆಳಗೆ ಟ್ರಾಮು, ಬಾಲ್ಕನಿಯಲ್ಲಿ ಒಂದು ಕುರ್ಚಿ ಹಾಕಿದರೆ ಮನುಷ್ಯ ಹೊರಗೆ. ಅಷ್ಟು ಚಿಕ್ಕದು. ಹಾಗಾಗಿ ಕೌನ್ಸಿಲಿನವರು ದೊಡ್ಡ ಕಸ ಎತ್ತುವ ವಾರ ಬಂದಾಗ ವೆಂಡೆಲ್ ತಮ್ಮ ಗರಾಜು ಖಾಲಿ ಮಾಡಿ ರಸ್ತೆ ಬದಿಯ ಹುಲ್ಲಿನ ಮೇಲೆ ಇಟ್ಟರು.

ಪರ್ತ್‌ನಲ್ಲಿ ಇದೊಂದು ದೊಡ್ಡ ಪದ್ಧತಿ. ಮನೆಗೆ ಬೇಡವಾದ ಸೋಫಾ, ಸೈಕಲ್ಲು, ಟ್ರ್ಯಾಂಪೊಲಿನ್ ಎಲ್ಲ ವರ್ಜ್ ಅನ್ನುವ ಈ ರಸ್ತೆಬದಿಯ ಹುಲ್ಲಿನ ಮೇಲೆ ಇಟ್ಟರೆ ಕಸದ ಲಾರಿ ಬರುವುದರೊಳಗೆ ಬೇಕಾದವರು ಎತ್ತಿಕೊಂಡು ಹೋಗುತ್ತಾರೆ. ಕೇಳಬೇಕಿಲ್ಲ, ಥ್ಯಾಂಕ್ಸ್ ಹೇಳಬೇಕಿಲ್ಲ. ನಮ್ಮವರು ಹೊಸದರಲ್ಲಿ ಅಯ್ಯೋ ಕಸವೇ ಅಂತ ಮೂಗು ಮುರಿಯುತ್ತಾರೆ. ಎರಡನೇ ವರ್ಷ ಕಾರಿಗೆ ಟ್ರೇಲರ್ ಕಟ್ಟುತ್ತಾರೆ.

ಸುಭದ್ರಮ್ಮ ಬೆಳಗ್ಗೆ ಕೆಲಸಕ್ಕೆ ಹೊರಟವರು ಅಲ್ಲೇ ನಿಂತರು. ಹುಲ್ಲಿನ ಮೇಲೆ ಐದು ದೊಡ್ಡ ಹಲಗೆ. ಒಂದರ ಮೇಲೆ ನೀಲಿ ಸಮುದ್ರ, ಹಡಗು. ಒಂದರಲ್ಲಿ ಹತ್ತಿ ಹೊಲ. ಒಂದರಲ್ಲಿ ಗುಡ್ಡ, ಒಂದರಲ್ಲಿ ಬಯಲು, ಇನ್ನೊಂದರಲ್ಲಿ ಬೆಟ್ಟ. ಹಸು, ಸೇತುವೆ, ಅಂಗಡಿ ಸಾಲು, ಎಣ್ಣೆ ಬಾವಿ, ನಡುವೆ ಪುಟ್ಟ ರೈಲು, ಹೆಬ್ಬೆರಳಿನಷ್ಟು ಎತ್ತರದ ನೂರಾರು ಜನ. ವೆಂಡೆಲ್ ಇಪ್ಪತ್ತು ವರ್ಷ ಗರಾಜಿನಲ್ಲಿ ಕೂತು ಮಾಡಿದ ಟೆಕ್ಸಾಸು.

ಸುಭದ್ರಮ್ಮನಿಗೆ ಟೆಕ್ಸಾಸು ಕಾಣಲಿಲ್ಲ. ಹೊಲ ಕಂಡಿತು, ಪೇಟೆ ಕಂಡಿತು, ಜನ ಕಂಡರು. ಎರವಲಂತೂ ಅಲ್ಲವೇ ಅಲ್ಲ. ಕೆಲಸಕ್ಕೆ ತಡವಾಗುತ್ತಿತ್ತು. ಆರ್ವೋಗೆ ಬಂದು ಎತ್ತಿಕೊಳ್ಳೋಣ ಅಂತ ಹೋದರು. ಮಧ್ಯಾಹ್ನದ ಹೊತ್ತಿಗೆ ಪರ್ತಿನವರು ಆರ್ವೋ ಅನ್ನುತ್ತಾರೆ, ಸುಭದ್ರಮ್ಮನೂ ಪರ್ತಿನವರೇ.

ಮೂರು ಗಂಟೆಗೆ ಕಾರು ತಿರುಗಿಸುವಾಗ ನೋಡುತ್ತಾರೆ, ಹವಾಯಿ ಚಪ್ಪಲಿಯ ಒಬ್ಬ ಕಟ್ಟಾಳು ತನ್ನ ಯೂಟಿನ, ಅಂದರೆ ತೆರೆದ ಬೆನ್ನಿನ ಪುಟ್ಟ ಟ್ರಕ್ಕಿನ, ಹಿಂದಕ್ಕೆ ಸಮುದ್ರವನ್ನು ಎತ್ತಿಡುತ್ತಿದ್ದಾನೆ. ಸುಭದ್ರಮ್ಮ ತಮ್ಮ ಕಾರನ್ನು ಅಡ್ಡ ನಿಲ್ಲಿಸಿದರು. ಅಲ್ಲಿಗೂ ಸಾಲದೆ ಇಳಿದು ಯೂಟಿನ ಮುಂದೆ ತಾವೂ ಅಡ್ಡ ನಿಂತರು.

"ಲವ್, ಇದು ವರ್ಜ್," ಅಂದ ಆತ, ನಮ್ಮವರು ಅಮ್ಮಾ ಅನ್ನುವ ಹಾಗೆ. "ಮೊದಲು ಮುಟ್ಟಿದವರದು."

"ನಾನು ಬೆಳಗ್ಗೆನೇ ಮುಟ್ಟಿದೀನಿ."

"ಯಾವ ಕೈಯಲ್ಲಿ?"

"ಮನಸ್ಸಲ್ಲಿ."

ಆತ ನಕ್ಕ. "ಇದನ್ನ ಏನು ಮಾಡ್ತೀರಿ?"

"ರಾಜರು ಕೂತ್ಕೋಬೇಕು."

"ಯಾವ ರಾಜರು, ಇಂಗ್ಲೆಂಡಿನವರಾ?"

"ಮೈಸೂರಿನವರು," ಅಂದರು ಸುಭದ್ರಮ್ಮ, ಪಕ್ಕದ ಬೀದಿಯವರು ಅನ್ನುವ ಹಾಗೆ. "ನೀನು ಕೆಳಗಿಳಿಸೋವರೆಗೂ ನಾನು ಇಲ್ಲೇ ಇರ್ತೀನಿ. ನನಗೆ ನಾಳೆ ರಜ."

ನಾಳೆ ರಜ ಇರಲಿಲ್ಲ. ಆದರೆ ಆ ಮುಖ ನೋಡಿದರೆ ಮುಂದಿನ ಚುನಾವಣೆವರೆಗೂ ರಜ ಇರುವಂತಿತ್ತು. ಆ ಕಟ್ಟಾಳು ಸಮುದ್ರ ಇಳಿಸಿದ್ದಲ್ಲದೆ ಐದೂ ಹಲಗೆಗಳನ್ನು ಬಾಲಕೃಷ್ಣರ ಜೊತೆ ಸೇರಿ ನಡುಮನೆಗೆ ಹೊತ್ತು ಹಾಕಿ, ಎರಡು ಲೋಟ ಮಜ್ಜಿಗೆ ಕುಡಿದು ಹೋದ. ಪಕ್ಕದ ಮನೆಯ ಕಿಟಕಿ ಪರದೆ ಇಷ್ಟು ಹೊತ್ತೂ ಎರಡು ಬೆರಳಗಲ ಸರಿದಿತ್ತು.

ಆ ರಾತ್ರಿಯೇ ಮೆಟ್ಟಿಲು ಕಟ್ಟಿದರು. ಐದು ಹಲಗೆ, ಐದು ಮೆಟ್ಟಿಲು, ಬೆಸ ಸಂಖ್ಯೆ, ಶಾಸ್ತ್ರಕ್ಕೆ ಸರಿಯಾಯಿತು. ಸುಭದ್ರಮ್ಮನಿಗೆ ತಿಳಿದ ಹಾಗೆ ಸಮುದ್ರ ಅಂದರೆ ಕ್ಷೀರಸಾಗರ, ಕ್ಷೀರಸಾಗರ ಯಾವತ್ತೂ ಮೇಲಿನ ಮೆಟ್ಟಿಲು. ಆದ್ದರಿಂದ ಸಮುದ್ರ ಎಲ್ಲಕ್ಕಿಂತ ಮೇಲೆ ಹೋಯಿತು, ಅದರ ಕೆಳಗೆ ಹತ್ತಿ ಹೊಲ, ಹೀಗೇ ಇಳಿದು ಬೆಟ್ಟ ನೆಲಕ್ಕೆ ಬಂತು. ಹಸುಗಳಿಗೆಲ್ಲ ಒಂದೊಂದಾಗಿ ಕುಂಕುಮ ಇಟ್ಟರು.

ಮರುದಿನ ಸಂಜೆ ವೆಂಡೆಲ್ ನಾಯಿ ಹಿಡಿದುಕೊಂಡು ಮನೆ ಮುಂದೆ ಹಾದರು. ದೊಡ್ಡ ಕಿಟಕಿ, ಪರದೆ ಹಾಕಿರಲಿಲ್ಲ. ಮನುಷ್ಯ ಕಲ್ಲಾಗಿ ನಿಂತರು. ಮುಂದಕ್ಕೆ ಹೋದರು, ತಿರುಗಿ ಬಂದರು. ಮೂರನೇ ಸಲಕ್ಕೆ ನಾಯಿಗೇ ಬೇಜಾರಾಗಿ ಸುಭದ್ರಮ್ಮನ ಬಾಗಿಲಿಗೆ ಎಳೆದುಕೊಂಡು ಬಂತು. ಹನ್ನೊಂದು ವರ್ಷದ ಮೌನ ಮುರಿದ ಮೊದಲ ಮಾತು ಇದು:

"ಮ್ಯಾಮ್, ನೀವು ಗಲ್ಫ್ ಆಫ್ ಮೆಕ್ಸಿಕೋನ ಬೆಟ್ಟದ ಮೇಲೆ ಇಟ್ಟಿದೀರಿ. ಇಡೀ ಟೆಕ್ಸಾಸು ಮುಳುಗಿಹೋಗುತ್ತೆ."

"ದೇವರು ಸಮುದ್ರದ ಮೇಲೆ ಮಲಗ್ತಾರೆ, ಮಿಸ್ಟರ್ ವೆಂಡೆಲ್."

"ಮಲಗಲಿ. ಆದರೆ ಜನ ಕೆಳಗಡೆ ಇದ್ದಾರಲ್ಲ!"

ಸುಭದ್ರಮ್ಮ ಯೋಚಿಸಿದರು. ಜನ ಮುಳುಗುವ ಕಡೆ ರಾಜ ಕೂರುವುದು ಸರಿಯಲ್ಲ. "ಹಾಗಾದ್ರೆ ಹೇಗೆ ಇಡಬೇಕು, ಒಳಗೆ ಬಂದು ತೋರ್ಸಿ," ಅಂದರು. "ಆದ್ರೆ ಒಂದ್ ಮಾತು. ಹತ್ತು ದಿನ ನಿಮ್ಮ ಒಲೆ ಹೊಗೆ ಈ ಕಡೆ ಬರಬಾರದು."

ಹಣೆಗೆ ಕುಂಕುಮ ಇಟ್ಟುಕೊಂಡು ನಿಂತ ತಮ್ಮ ಉದ್ದ ಕೊಂಬಿನ ಹಸುಗಳನ್ನು ವೆಂಡೆಲ್ ನೋಡಿದರು. ಅವೂ ಅವರನ್ನೇ ನೋಡುತ್ತಿದ್ದವು. "ಆಯ್ತು," ಅಂದರು.

ಆಮೇಲೆ ಗೊತ್ತಾಯಿತು, ಟೆಕ್ಸಾಸು ಅನ್ನುವುದೇ ಹುಟ್ಟಿನಿಂದ ಒಂದು ಗೊಂಬೆ ಮೆಟ್ಟಿಲು. ಆಗ್ನೇಯದಲ್ಲಿ ಸಮುದ್ರ ತೀರ, ತಗ್ಗು, ಜೌಗು. ಅಲ್ಲಿಂದ ಒಂದು ಮೆಟ್ಟಿಲು ಹತ್ತಿದರೆ ಕಪ್ಪು ಮಣ್ಣಿನ ಬಯಲು. "ನಮ್ಮ ಧಾರವಾಡದ ಎರೆಮಣ್ಣು ಕಣ್ರೀ," ಅಂದರು ಬಾಲಕೃಷ್ಣ. ಇನ್ನೊಂದು ಮೆಟ್ಟಿಲಿಗೆ ಸುಣ್ಣಕಲ್ಲಿನ ಗುಡ್ಡ, ಅದರಾಚೆ ಇದ್ದಕ್ಕಿದ್ದಂತೆ ಎದ್ದ ಬಂಡೆ ದಾಟಿದರೆ ಎತ್ತರದ ಬಯಲು. ಅದು ಎಷ್ಟು ಚಪ್ಪಟೆ ಅಂದರೆ, ನಿಮ್ಮ ನಾಯಿ ಮನೆ ಬಿಟ್ಟು ಓಡಿದರೆ ಮೂರು ದಿನ ಅದು ಓಡುವುದು ಕಾಣುತ್ತಿರುತ್ತದೆ ಅಂದರು ವೆಂಡೆಲ್. ಪಶ್ಚಿಮದ ತುದಿಯಲ್ಲಿ ಒಣ ಬೆಟ್ಟ, ಎಂಟು ಸಾವಿರ ಅಡಿ ಮೀರಿದ್ದು. ದಕ್ಷಿಣದ ಗಡಿಗೆ ರಿಯೊ ಗ್ರ್ಯಾಂಡೆ ನದಿ, ಅದರಾಚೆ ಮೆಕ್ಸಿಕೋ.

"ಎಷ್ಟು ದೊಡ್ಡದು ಗೊತ್ತಾ?" ಅಂತ ವೆಂಡೆಲ್ ಎದೆಯುಬ್ಬಿಸಿದರು. "ಈ ತುದಿಯಿಂದ ಕಾರಲ್ಲಿ ಹೊರಟ ಹುಡುಗ ಆ ತುದಿ ಮುಟ್ಟೋ ಹೊತ್ತಿಗೆ ಗಡ್ಡ ಬಂದಿರುತ್ತೆ."

"ನೀವೀಗ ಕೂತಿರೋ ವೆಸ್ಟರ್ನ್ ಆಸ್ಟ್ರೇಲಿಯಾದಲ್ಲಿ ಅಂಥವು ಮೂರು ಹಿಡಿದು ಇನ್ನೂ ಅರ್ಧ ಹಿಡಿಯುತ್ತೆ," ಅಂದರು ಬಾಲಕೃಷ್ಣ, ಬಿಡಲಿಲ್ಲ. "ಇಲ್ಲಿ ಹೊರಟ ಹುಡುಗ ಆ ತುದಿ ಮುಟ್ಟೋದೇ ಇಲ್ಲ. ಅವನ ಮೊಮ್ಮಗ ಮುಟ್ತಾನೆ."

"ಇರಬಹುದು. ಆದರೆ ನಿಮ್ಮ ಇಡೀ ಆಸ್ಟ್ರೇಲಿಯಾಕ್ಕಿಂತ ಹೆಚ್ಚು ಜನ ನಮ್ಮ ಒಂದು ಟೆಕ್ಸಾಸಿನಲ್ಲಿದ್ದಾರೆ."

"ಹಾಗಾದ್ರೆ ಕತೆನೂ ಜಾಸ್ತಿ ಇರುತ್ತೆ," ಅಂದರು ಸುಭದ್ರಮ್ಮ ಇಬ್ಬರ ನಡುವೆ ಕುರ್ಚಿ ಎಳೆದುಕೊಂಡು. "ಒಂದೂ ಬಿಡ್ದೆ ಹೇಳಿ. ನನ್ನ ನಾದಿನಿ ಬರ್ತಾ ಇದಾಳೆ."

ಮೆಟ್ಟಿಲು ತಲೆಕೆಳಗಾಗಿ, ಸಮುದ್ರ ನೆಲಕ್ಕೂ ಬೆಟ್ಟ ಮೇಲಕ್ಕೂ ಬಂತು. ಪಾಡ್ಯದ ಬೆಳಗ್ಗೆ ಕಳಶ ಇಟ್ಟು, ಬೆಟ್ಟದ ನೆತ್ತಿಯ ಮೇಲೆ ರಾಜ ರಾಣಿಯನ್ನು ಕೂರಿಸಿದರು. ಸಂಜೆಯಾದರೆ ಚೈಲ್ಡ್‌ಕೇರ್‌ನಿಂದ ಬಂದು ಕೈಕಾಲು ತೊಳೆದು ಪಾಠಕ್ಕೆ ಕೂರುವುದು. ವೆಂಡೆಲ್ ಬೆತ್ತ ಹಿಡಿದು ಒಂದೊಂದು ಗೊಂಬೆ ಮುಟ್ಟಿ ಹೇಳುವುದು. ಕ್ಯಾಡೊ ಜನ, ಕರಾಂಕವಾ ಜನ, ಕುದುರೆಯೇರಿದ ಕಮಾಂಚಿಗಳು, ಇವರೇ ಮೊದಲಿದ್ದವರು. ಆಮೇಲೆ ಸ್ಪೇನಿನ ಪಾದ್ರಿಗಳು. ಆಮೇಲೆ ಮೆಕ್ಸಿಕೋ ಆಳ್ವಿಕೆ. ಅದರ ವಿರುದ್ಧ ಎದ್ದು ಒಂಬತ್ತು ವರ್ಷ ಚಿಲ್ಲರೆ ತನ್ನದೇ ಸ್ವತಂತ್ರ ದೇಶ. ಕೊನೆಗೆ ಅಮೆರಿಕದ ಜೊತೆ.

ಹತ್ತಿ ಹೊಲಕ್ಕೆ ಬಂದಾಗ ವೆಂಡೆಲ್ ಬೆತ್ತ ಸರಕ್ಕನೆ ರೈಲಿಗೆ ಹಾರಿತು.

"ನಿಲ್ಲಿ," ಅಂದರು ಸುಭದ್ರಮ್ಮ. "ಹತ್ತಿ ಬಿಡಿಸ್ತಾ ಇರೋ ಇವರು ಯಾರು?"

ವೆಂಡೆಲ್ ಕನ್ನಡಕ ಒರೆಸಿದರು. ಬಹಳ ಹೊತ್ತು ಒರೆಸಿದರು. "ಗುಲಾಮರು," ಅಂದರು. "ನಮ್ಮ ಮುತ್ತಜ್ಜನ ಹೊಲದಲ್ಲೂ ಇದ್ದರು. ಬಿಡುಗಡೆಯ ಆಜ್ಞೆಯಾಗಿ ಎರಡೂವರೆ ವರ್ಷ ಆದಮೇಲೆ, ಸಾವಿರದ ಎಂಟುನೂರಾ ಅರವತ್ತೈದರ ಜೂನ್‌ನಲ್ಲಿ, ಸೈನ್ಯ ಗ್ಯಾಲ್ವೆಸ್ಟನ್ ಬಂದರಿಗೆ ಬಂದು ಅದನ್ನ ಜಾರಿಗೆ ತಂತು."

"ಅದನ್ನೂ ಹೇಳ್ಬೇಕು," ಅಂದರು ಸುಭದ್ರಮ್ಮ. "ಮುಂದಿನ ಸಾಲಲ್ಲಿ ಕೂರ್ಸಿದೀನಿ ಅವರನ್ನ."

ಎಣ್ಣೆ ಬಾವಿ ಬಂತು. ಸಾವಿರದ ಒಂಬೈನೂರಾ ಒಂದರಲ್ಲಿ ಬೋಮಾಂಟ್ ಊರಿನ ಹತ್ತಿರ ನೆಲದಿಂದ ಎಣ್ಣೆ ಕಾರಂಜಿಯಾಗಿ ಚಿಮ್ಮಿ, ಒಂಬತ್ತು ದಿನ ಯಾರ ಕೈಗೂ ಸಿಗದೆ ಹಾರಿತಂತೆ.

"ಒಂಬತ್ತು ದಿನಾನಾ? ಹಾಗಾದ್ರೆ ಅವರದೂ ನವರಾತ್ರಿನೇ," ಅಂದರು ಸುಭದ್ರಮ್ಮ, ಅಲ್ಲೊಂದು ದೀಪ ಹಚ್ಚಲು ಹೋಗಿ, ಎಣ್ಣೆ ಬಾವಿ ಪಕ್ಕ ಬೆಂಕಿ ಬೇಡ ಅಂತ ವೆಂಡೆಲ್ ಕೂಗಿದ್ದಕ್ಕೆ ಹೂವು ಇಟ್ಟರು.

ಪ್ರತಿ ಗೊಂಬೆ ಮನೆಯಲ್ಲಿ ಶೆಟ್ಟರ ಅಂಗಡಿ ಇರಲೇಬೇಕು, ವ್ಯಾಪಾರ ಇಲ್ಲದೆ ಊರಿಲ್ಲ. ಇಲ್ಲಿ ಶೆಟ್ಟರು ಪುಡಿಯಾಗಿದ್ದರಿಂದ ಟೆಕ್ಸಾಸಿನ ಒಂದು ಪೆಟ್ರೋಲ್ ಬಂಕು, ಪರ್ತಿನವರ ಮಾತಲ್ಲಿ ಸರ್ವೋ, ಆ ಜಾಗಕ್ಕೆ ಬಡ್ತಿ ಪಡೆಯಿತು. ಅದರ ಮುಂದೆ ಸುಭದ್ರಮ್ಮ ರಾಜ್ಯದ ಸಂಪಾದನೆಯನ್ನೆಲ್ಲ ಪುಟ್ಟ ಬಟ್ಟಲುಗಳಲ್ಲಿ ಸುರಿದರು. ಹತ್ತಿ ಒಂದು ಉಂಡೆ, ಅಮೆರಿಕದಲ್ಲೇ ಅತಿ ಹೆಚ್ಚು ಬೆಳೆಯುವುದು ಅಲ್ಲಿ ಅಂತ. ಕಲ್ಲೆಣ್ಣೆ ಬದಲಿಗೆ ಎಳ್ಳೆಣ್ಣೆ. ಗಾಳಿ ವಿದ್ಯುತ್ತಿಗೆ ಕಾಗದದ ಗಿರಿಗಿಟ್ಲೆ. ಹ್ಯೂಸ್ಟನ್ನಿನಿಂದ ಗಗನನೌಕೆಗಳ ಜೊತೆ ಮಾತಾಡುತ್ತಾರೆ ಅಂತ ಒಂದು ಹಳೇ ಮೊಬೈಲು. ದನದ ಬಾಬತ್ತಿಗೆ ಏನಿಡುವುದು ಅಂತ ವೆಂಡೆಲ್ ಬಾಯಿ ತೆಗೆಯುವ ಮುಂಚೆ ಒಂದು ಮಿಳ್ಳೆ ತುಪ್ಪ ಇಟ್ಟುಬಿಟ್ಟರು.

ಸುದ್ದಿ ಹಬ್ಬಿತು. ಟೆಕ್ಸಾಸ್ ಗೊಂಬೆ ನೋಡಲು ಬಂದ ಕಾರುಗಳ ಸಾಲು ಹಿಂದೂ ಮಹಾಸಾಗರದವರೆಗೆ ಹೋಗಿ, ಕೊನೆಯ ಎರಡು ಕಾರು ನೀರಲ್ಲಿ ನಿಂತಿದ್ದವು ಅಂತ ಹೇಳುತ್ತಾರೆ. ಒಂದು ಇರಬಹುದು, ಎರಡು ಉತ್ಪ್ರೇಕ್ಷೆ.

ಮೂಲಾ ನಕ್ಷತ್ರದ ಸಂಜೆ ಗೌರಿ ಇಳಿದಳು. ಬ್ರಿಸ್ಬೇನಿನಿಂದ ಪರ್ತ್‌ಗೆ ವಿಮಾನದಲ್ಲಿ ಐದು ಗಂಟೆಯ ದಾರಿ, ಕೋಪ ಇಟ್ಟುಕೊಂಡು ಬರುವುದಕ್ಕೆ ಬಹಳ ದೂರ, ಆದರೆ ಅವಳು ತಂದಿದ್ದಳು. ನಡುಮನೆಗೆ ಬಂದವಳು ಗಡಗಡ ಓಡುವ ರೈಲನ್ನು ಒಂದು ಸುತ್ತು ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿದಳು.

"ಅಣ್ಣ, ಇದೆಲ್ಲ ಯಾರದು?"

"ರಸ್ತೇಲಿತ್ತು," ಅಂದುಬಿಟ್ಟರು ಬಾಲಕೃಷ್ಣ.

"ರಸ್ತೇಲಾ! ಅತ್ತಿಗೆ, ಅಮ್ಮನ ರಾಜ ರಾಣೀನ ಕಸದ ಮೇಲೆ ಕೂರ್ಸಿದೀರಾ?"

"ಅಮ್ಮ ಎರವಲು ಬೇಡ ಅಂದಿದ್ರು. ಕಸ ಬೇಡ ಅಂದಿರಲಿಲ್ಲ," ಅಂದರು ಸುಭದ್ರಮ್ಮ. "ಯೂಟಿನ ಮುಂದೆ ಅಡ್ಡ ನಿಂತು ತಗೊಂಡ ಕಸ ಕಣಮ್ಮ ಇದು. ಕತೆ ಕೇಳ್ಬೇಕಲ್ಲ ನೀನು, ಕೇಳು. ನಾನು ಒಂದು ತಪ್ಪಿದ್ರೂ ಇವತ್ತೇ ಕರ್ಕೊಂಡು ಹೋಗು."

ಬಂದಿದ್ದ ಹೆಂಗಸರೆಲ್ಲ ಕೋಸಂಬರಿ ಬಟ್ಟಲು ಕೆಳಗಿಟ್ಟರು. ವೆಂಡೆಲ್ ಮೂಲೆಯ ಕುರ್ಚಿಯಲ್ಲಿದ್ದರು, ಮಾತು ತಿಳಿಯದಿದ್ದರೂ ಯುದ್ಧ ತಿಳಿಯಿತು. ಗೌರಿ ಬೆರಳು ಚಾಚಿದಳು. ಕಮಾಂಚಿ ಕುದುರೆ ಸವಾರ. ಸುಭದ್ರಮ್ಮ ಹೇಳಿದರು. ಪಾದ್ರಿ. ಹೇಳಿದರು. ಹತ್ತಿ ಹೊಲದ ತಾಯಿ. ಅಲ್ಲಿ ಸುಭದ್ರಮ್ಮನ ದನಿ ಕೊಂಚ ಇಳಿಯಿತು, ಆದರೆ ಜೂನ್ ತಿಂಗಳೂ ಬಿಡದೆ ಹೇಳಿದರು. ಎಣ್ಣೆ ಬಾವಿ, ಗಾಳಿಯಂತ್ರ, ಬಂಕಿನಲ್ಲಿ ನಿಂತ ಹುಡುಗಿ. ಗೌರಿಯ ಬೆರಳು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಿ, ಕೊನೆಗೆ ಸಮುದ್ರದ ಹಲಗೆಯ ಅಂಚಿಗೆ ಬಂದು ನಿಂತಿತು. ಅಲ್ಲಿ ಹಡಗಿನ ಮರೆಯಲ್ಲಿ ಒಬ್ಬ ಪುಟ್ಟ ಮನುಷ್ಯ, ಎಲ್ಲರಿಗೂ ಬೆನ್ನು ಹಾಕಿ ನಿಂತಿದ್ದ.

"ಇವನು ಯಾರು?"

ವೆಂಡೆಲ್ಲಿನ ಬೆತ್ತ ಒಂದು ದಿನವೂ ಅವನನ್ನು ಮುಟ್ಟಿರಲಿಲ್ಲ. ಸುಭದ್ರಮ್ಮ ಅವನನ್ನು ನೋಡಿದ್ದೇ ಈಗ.

ವೆಂಡೆಲ್ ಎದ್ದು ನಿಂತು ಬಾಯಿ ತೆಗೆದರು. ಗೌರಿ ಕೈ ಅಡ್ಡ ಮಾಡಿದಳು. "ನೋ ಹೆಲ್ಪ್, ಅಂಕಲ್. ಅತ್ತಿಗೆನೇ ಹೇಳ್ಬೇಕು."

ರೈಲು ಒಂದು ಸುತ್ತು ಹಾಕಿತು. ಇನ್ನೊಂದು ಸುತ್ತು ಹಾಕಿತು. ಬಾಲಕೃಷ್ಣರ ಬೋಳುತಲೆಯಲ್ಲಿ ಬೆವರು ಬಂತು. ಸುಭದ್ರಮ್ಮ ಮಂಡಿಯೂರಿ ಕೂತು ಆ ಮನುಷ್ಯನನ್ನು ದಿಟ್ಟಿಸಿದರು. ಅಗಲದ ಟೊಪ್ಪಿ. ಎಡಗೈ ಸೊಂಟದ ಮೇಲೆ. ಬಲಭುಜ ಒಂಚೂರು ಕೆಳಗೆ.

"ಇವರೇ," ಅಂದರು ಸುಭದ್ರಮ್ಮ ಮೂಲೆಯತ್ತ ತೋರಿಸಿ. "ನನಗೆ ಗೊತ್ತು. ಹನ್ನೊಂದು ವರ್ಷ ಬೇಲಿ ಪಕ್ಕ ಹೀಗೇ ನನಗೆ ಬೆನ್ನು ಹಾಕಿ ನಿಂತಿದಾರೆ. ಇದು ಗ್ಯಾಲ್ವೆಸ್ಟನ್ ಬಂದರು. ಸಮುದ್ರದಲ್ಲಿ ಬಾವಿ ಕೊರೆಯೋ ಕೆಲಸ, ಎರಡು ವರ್ಷ, ಹೋಗಿ ಬಂದ್ಬಿಡ್ತೀನಿ ಅಂತ ಹೊರಟು ನಿಂತಿದಾರೆ. ಹಿಂದಕ್ಕೆ ತಿರುಗಿ ನೋಡಿದ್ರೆ ಹೋಗೋಕಾಗಲ್ಲ, ಅದಕ್ಕೇ ಬೆನ್ನು ಹಾಕಿದಾರೆ." ಒಂದು ಉಸಿರು ಬಿಟ್ಟು ಗೌರಿಯ ಕಡೆ ತಿರುಗಿದರು. "ನಾವೂ ಎರಡೇ ವರ್ಷ ಅಂತ ಅಲ್ವೇನೇ ಬಂದಿದ್ದು? ನೀನು ಎಷ್ಟು ವರ್ಷ ಅಂತ ಹೇಳಿದ್ದೆ ಅಮ್ಮನಿಗೆ?"

ಗೌರಿ ಮೂಲೆಯತ್ತ ತಿರುಗಿದಳು. ವೆಂಡೆಲ್ ಕಡೆ ನೋಡಿ ಅತ್ತಿಗೆ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳಿ, ನಿಜವಾ ಅಂತ ಕೇಳಿದಳು. ವೆಂಡೆಲ್ ಟೊಪ್ಪಿ ತೆಗೆದರು.

"ಮೂರು ವರ್ಷ," ಅಂದರು. "ಎರಡಲ್ಲ. ಮಿಕ್ಕಿದ್ದೆಲ್ಲ ಸರಿ. ಇದನ್ನ ನಾನು ಯಾರಿಗೂ ಹೇಳಿರಲಿಲ್ಲ."

"ಒಂದು ವರ್ಷ ತಪ್ಪು, ಗೌರಿ," ಅಂದರು ಸುಭದ್ರಮ್ಮ. ನೆಲದ ಮೇಲೆ ಕೂತೇ ಇದ್ದರು, ಬೆನ್ನು ನೆಟ್ಟಗಿತ್ತು. "ತಪ್ಪು ತಪ್ಪೇ. ನೀನೇ ಹೇಳು."

ಗೌರಿ ಮೆಟ್ಟಿಲ ಬಳಿ ಹೋದಳು. ಬೆಟ್ಟದ ನೆತ್ತಿಯ ಮೇಲಿನ ರಾಜ ರಾಣಿಗೆ ಕೈ ಚಾಚಿದಳು. ರಾಣಿಯ ಕೊರಳಲ್ಲಿ ಓರೆಯಾಗಿದ್ದ ಸರವನ್ನು ನೆಟ್ಟಗೆ ಮಾಡಿದಳು. ರಾಜನ ಪೇಟದ ಮೇಲೆ ಕೂತ ಧೂಳನ್ನು ಸೆರಗಿನ ತುದಿಯಿಂದ ಒರೆಸಿದಳು.

"ನಾನು ಅಮ್ಮನಿಗೆ ಒಂದು ವರ್ಷ ಅಂದಿದ್ದೆ," ಅಂದಳು, ಮೆಟ್ಟಿಲ ಕಡೆ ಮುಖ ಮಾಡಿಕೊಂಡೇ. ಆಮೇಲೆ ತಿರುಗಿ, ದನಿ ಏರಿಸಿ, "ಏನ್ ಅತ್ತಿಗೆ, ಆರತಿ ತಟ್ಟೆ ಎಲ್ಲಿ? ಇಷ್ಟು ಜನಾನ ಕೂರಿಸ್ಕೊಂಡು ಕತೆ ಹೇಳ್ತಾ ಇದೀರಲ್ಲ, ದೀಪ ಯಾರು ಹಚ್ತಾರೆ? ಮತ್ತೆ ವಿಜಯದಶಮಿ ಆದಮೇಲೆ ರಾಜ ರಾಣೀನ ಮಲಗ್ಸಿ ನಿಮ್ಮ ದೇವರ ಗೂಡಲ್ಲೇ ಇಡಿ. ಗೆದ್ದಲು ಬಂದಿದೆ ಅಂತೀರಿ, ಔಷಧಿ ಹೊಡಿಸಿದೀರಾ ಇಲ್ವಾ?"

"ಹೊಡಿಸಿದೀನಮ್ಮ," ಅಂದರು ಸುಭದ್ರಮ್ಮ, ಮಂಡಿ ಹಿಡಿದು ಏಳುತ್ತ. ಬಾಲಕೃಷ್ಣ ಕೈ ಕೊಡಲು ಬಂದರು, ಅವರು ಬೇಡ ಅಂತ ತಾವೇ ಎದ್ದು ತಟ್ಟೆ ತರಲು ಒಳಗೆ ಹೋದರು.